ಅಡುಗೆಮನೆಯ ಹೊಸ್ತಿಲಲ್ಲಿ ಮಲಗುತ್ತಿದ್ದ ನಾದಿನಿ

ಅಂದು ಬೆಳಗಿನಿಂದ ಮಾಡಿದ ಕೆಲಸಗಳು ಇವು. ದನಗಳ ಸಗಣಿ ಬಳಿದು ಕುಳ್ಳು ತಟ್ಟಿದೆ. ಕೆರೆಯಿಂದ ನೀರು ತಂದು ಹಳೆಯ ಸೀರೆಯ ತುಂಡಿನಲ್ಲಿ ಸೋಸಿ ಮಣ್ಣಿನ ಹರವಿಗೆ ತುಂಬಿದೆ. ಒಲೆ ಸಾರಿಸಿದೆ. ರೊಟ್ಟಿ ಬಡಿದು, ಹೊಲಕ್ಕೆ ಹೋಗುವವರದನ್ನು ಬೇರೆ ಕಟ್ಟಿಟ್ಟೆ. ಹಿತ್ತಲಲ್ಲಿದ್ದ ಹತ್ತಿಕಟ್ಟಿಗೆಯನ್ನು ಒಳಗೆ ತಂದು ಒಟ್ಟಿದೆ. ಮೆಣಸಿನಕಾಯಿಯ ತೊಟ್ಟು ಮುರಿದೆ. ಮಧ್ಯಾಹ್ನ ತಲೆಯ ಮೇಲೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಪಡಸಾಲೆಗೆ ಬಂದು, ನೆಲದ ಮೇಲೆ ಮಲಗಿದ್ದ ನನ್ನ ನಾದಿನಿಯನ್ನು ದಾಟಿದೆ.

ಕೊನೆಯದನ್ನು ಉಳಿದವುಗಳ ಜೊತೆ ಸೇರಿಸಬೇಕೋ ಬೇಡವೋ ನನಗೆ ಇಂದಿಗೂ ತಿಳಿಯದು. ಅತ್ತೆಯವರು ಮಾತ್ರ ಅದನ್ನು ಕೆಲಸವೆಂದೇ ಹೇಳಿದ್ದರು. “ಮೆಣಸಿನಕಾಯಿ ಮುಗದ ಮ್ಯಾಲ ಇನ್ನೊಂದು ಕೆಲಸ ಐತಿ ನೋಡವಾ. ತಲಿಮ್ಯಾಗ ನೀರು ಹಾಕ್ಕೊಂಡು ಬಾ.”

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಕಲಘಟಗಿ ಕಡೆಯ ಭತ್ತದ ಸೀಮೆಯವಳು. ತಂಬೂರಿನ ಆಚೆ ನಮ್ಮ ತವರು. ನವಲಗುಂದದ ಎರೆಭೂಮಿಯ ಹಳ್ಳಿಗೆ ಸೊಸೆಯಾಗಿ ಬಂದು ಎರಡು ಬೇಸಿಗೆ ಕಳೆದಿದ್ದವು. ಮನೆಯಲ್ಲಿ ಇದ್ದವರು ಅತ್ತೆ, ನನ್ನ ಯಜಮಾನರು, ಅವರ ತಂಗಿ ಮತ್ತು ನಾನು. ಮಾವ ತೀರಿಕೊಂಡು ಬಹಳ ದಿನವಾಗಿತ್ತು. ನನ್ನ ರೊಟ್ಟಿ ಇನ್ನೂ ದುಂಡಗೆ ಬರುತ್ತಿರಲಿಲ್ಲ. “ಅನ್ನ ಉಣ್ಣೋ ಊರಿನಾಕಿ, ರೊಟ್ಟಿ ಬಡಿ ಅಂದ್ರ ನಕಾಶಿ ತಗೀತಾಳ,” ಎಂದು ಅತ್ತೆ ಬಾಜು ಮನೆಯ ಕಾಕುವಿನ ಮುಂದೆ ಹೇಳಿ ನಗುತ್ತಿದ್ದರು. ಅದರಲ್ಲಿ ವಿಷವಿರಲಿಲ್ಲ. ನನಗೂ ನಗು ಬರುತ್ತಿತ್ತು.

ನಾದಿನಿಗೆ ಆಗ ಹದಿಮೂರು ತುಂಬಿ ಹದಿನಾಲ್ಕು ನಡೆದಿತ್ತು. ನೋಡಿದವರು ಎಂಟೋ ಒಂಬತ್ತೋ ಎನ್ನುತ್ತಿದ್ದರು. ದುಂಡನೆಯ, ಸ್ವಲ್ಪ ಬಾತಂತಿದ್ದ ಮುಖ. ತಗ್ಗಿದ, ಗಡಸು ಧ್ವನಿ. ಎಣ್ಣೆ ಹಚ್ಚಿದರೂ ಮೊಣಕೈ ಒರಟಾಗಿಯೇ ಇರುತ್ತಿತ್ತು. ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಅಕ್ಷರ ಮುತ್ತಿನಂತಿದ್ದವು, ಆದರೆ ಉಳಿದವರು ಪಾಟಿ ಒರೆಸಿದ ಮೇಲೂ ಅವಳದು ಬರೆದು ಮುಗಿದಿರುತ್ತಿರಲಿಲ್ಲ. ಹಟ ಮಾಡಿದ್ದು, ಅತ್ತದ್ದು, ಎದುರು ಮಾತಾಡಿದ್ದು ನಾನು ಬಂದ ಮೇಲೆ ಕಂಡಿರಲಿಲ್ಲ. ಕೂತಲ್ಲಿ ಕೂರುತ್ತಿದ್ದಳು. ಕೊಟ್ಟಷ್ಟು ಉಣ್ಣುತ್ತಿದ್ದಳು. ಊರಿನ ಹೆಂಗಸರು ತಮ್ಮ ಮಕ್ಕಳನ್ನು ಬೈಯುವಾಗ ಇವಳನ್ನು ತೋರಿಸುತ್ತಿದ್ದರು.

ಅತ್ತೆಗೆ ಅದೊಂದು ಹೆಮ್ಮೆ. “ಎಂಟು ವರ್ಷ ಆಗೂತನಕಾ ಊರು ತಿರಗ್ತಿತ್ತವಾ ಇದು. ಗಿಡಾ ಏರೂದು, ಗೋಡಿ ಏರೂದು. ಆಮ್ಯಾಲ ಬುದ್ಧಿ ಬಂತು. ಮನಿ ಹಿಡದು ಕುಂತ್ಲು.”

ಬುದ್ಧಿ ಬಂದದ್ದೆಂದು ಎಲ್ಲರೂ ನಂಬಿದ್ದೆವು. ನಾನೂ ನಂಬಿದ್ದೆ.

ರಾತ್ರಿ ಎಲ್ಲರಿಗಿಂತ ಮೊದಲು ಮಲಗುತ್ತಿದ್ದವಳು ಅವಳೇ. ಊಟದ ತಟ್ಟೆ ಎತ್ತುವಷ್ಟರಲ್ಲಿ ಕಣ್ಣು ಮುಚ್ಚಿರುತ್ತಿದ್ದವು. ಪಡಸಾಲೆ ದೊಡ್ಡದಿದ್ದರೂ ಅವಳು ತನ್ನ ಕೌದಿಯನ್ನು ಅಡುಗೆಮನೆಯ ಹೊಸ್ತಿಲಿಗೆ ತಾಗಿಸಿ ಅಡ್ಡಲಾಗಿ ಹಾಸಿಕೊಳ್ಳುತ್ತಿದ್ದಳು. ಅಲ್ಲಿಗೆ ಒಲೆಯ ಬಿಸಿ ಬರುತ್ತಿತ್ತು. ಬೇಸಿಗೆಯಲ್ಲಿ ಯಜಮಾನರು ಹೊರಗೆ ಕಟ್ಟೆಯ ಮೇಲೆ ಮಲಗಿದರೂ, ಅತ್ತೆ ಬೀಸಣಿಗೆ ಹಿಡಿದು ಬಾಗಿಲ ಕಡೆ ಸರಿದರೂ, ಇವಳು ಆ ಹೊಸ್ತಿಲು ಬಿಡುತ್ತಿರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಒಲೆ ಹೊತ್ತಿಸುವ ಕೆಲಸ ನನ್ನದು. ದಿನವೂ ಗೋಡೆ ಹಿಡಿದು, ಅವಳ ತಲೆಯ ಕಡೆಯಿಂದ ಸುತ್ತಿ, ಬೆರಳ ಮೇಲೆ ನಿಂತು ಒಳಗೆ ಹೋಗುತ್ತಿದ್ದೆ. ಮಲಗಿದ ಮಕ್ಕಳನ್ನು ದಾಟಿದರೆ ಬೆಳವಣಿಗೆ ನಿಲ್ಲುತ್ತದೆ, ದಾಟಿದವರು ಹಾಗೇ ತಿರುಗಿ ದಾಟಬೇಕು ಎಂಬುದು ನಮ್ಮ ತವರಿನಲ್ಲೂ ಇದ್ದ ಮಾತೇ. ಅದಕ್ಕೇ ಅಷ್ಟು ಎಚ್ಚರ.

ಆ ವರ್ಷ ಬೇಸಿಗೆಯ ಹೊತ್ತಿಗೆ ಕಾಕುವಿನ ಮಗಳು ದೊಡ್ಡಾಕಿ ಆದಳು. ಅವಳೂ ನಮ್ಮ ನಾದಿನಿಯೂ ಒಂದೇ ಓರಗೆಯವರು, ಒಂದೇ ತೊಟ್ಟಿಲಲ್ಲಿ ಮಲಗಿದ್ದವರು. ಕಾಕು ಮಗಳಿಗೆ ಹಸಿರು ಸೀರೆ ಉಡಿಸಿ, ಹೂವು ಮುಡಿಸಿ ಕೂರಿಸಿದರು. ನಾವೆಲ್ಲ ಆರತಿ ಮಾಡಿ ಹಾಡು ಹೇಳಿದೆವು. ಊಟಕ್ಕೆ ಕೂರಿಸುವಾಗ ಬಡಿಸುವವರಲ್ಲಿ ಯಾರೋ ನಮ್ಮ ನಾದಿನಿಯ ರಟ್ಟೆ ಹಿಡಿದು, “ಸಣ್ಣ ಹುಡುಗೂರು ಈ ಕಡೆ ಕುಂದರ್ರಿ,” ಎಂದು ಕೂಸುಗಳ ಸಾಲಿಗೆ ಕೂರಿಸಿದರು. ಅವಳು ಏನೂ ಅನ್ನದೆ ಅಲ್ಲೇ ಉಂಡು ಬಂದಳು. ಮನೆಗೆ ಬಂದ ಮೇಲೆ ಒಲೆಯ ಮುಂದೆ ಕೂತು ನನ್ನನ್ನು ನಿಧಾನಕ್ಕೆ ಕೇಳಿದಳು.

“ವೈನಿ, ನನ್ನ ಯಾವಾಗ ಕುಂದರಸ್ತೀರಿ?”

“ಎಲ್ಲಾರಿಗೂ ಒಂದು ಹೊತ್ತು ಬರ್ತೈತಿ.”

“ನಂದು ಹೊಳ್ಳಿ ಹೋಗಿರಬೇಕು,” ಎಂದಳು. ಅದನ್ನೂ ಅವಳು ದುಃಖದಿಂದ ಹೇಳಲಿಲ್ಲ. ಬಸ್ಸು ಹೋಗಿರಬೇಕು ಎಂದು ಹೇಳುವಂತೆ ಹೇಳಿದಳು.

ಮರುದಿನ ಕಾಕು ಪಾತ್ರೆ ಕೊಡಲು ಬಂದಾಗ ಕಟ್ಟೆಯ ಮೇಲೆ ಕೂತು ಮಾತು ತೆಗೆದರು. “ಅಕ್ಕಾ, ನಿಮ್ಮ ಹುಡುಗಿ ಇನ್ನೂ ಎಳಿಗರು ಇದ್ದಂಗ ಉಳದೈತಿ. ಯಾರರ ದಾಟ್ಯಾರೇನು ಕೇಳ್ರಿ. ಹೊಸದಾಗಿ ಬಂದವ್ರು ಕತ್ತಲದಾಗ ಏಳ್ತಾರ. ಕಾಲು ಎಲ್ಲಿ ಇಡ್ತಾರ ಅವ್ರಿಗರ ಏನ್ ಗೊತ್ತು, ಪಾಪ.”

ಆ ‘ಪಾಪ’ ಎಂಬ ಮಾತು ಮನೆಯೊಳಗೆ ಉಳಿಯಿತು. ನನ್ನ ಮದುವೆಗೆಂದು ಅತ್ತೆ ಅವಳಿಗೆ ಪಾದದ ತನಕ ಪರಕರ ಹೊಲಿದಿದ್ದರು. ಬೆಳೆಯುವ ಹುಡುಗಿ ಎಂದು ಅಂಚಿನಲ್ಲಿ ಅಗಲವಾಗಿ ಬಟ್ಟೆ ಮಡಿಚಿ ಹೊಲಿಗೆ ಹಾಕಿದ್ದರು, ವರ್ಷಕ್ಕಿಷ್ಟು ಬಿಚ್ಚಿದರಾಯಿತೆಂದು. ಆ ಮಡಿಕೆಯನ್ನು ಬಿಚ್ಚುವ ಹೊತ್ತೇ ಬಂದಿರಲಿಲ್ಲ. ಅದು ನಾನು ಬಂದ ಮೇಲಿನ ಲೆಕ್ಕ. ಅದಕ್ಕೂ ಹಿಂದೆ ಎಷ್ಟು ವರ್ಷದಿಂದ ಅವಳು ಹೀಗೇ ಇದ್ದಳು ಎಂದು ಯಾರೂ ಕೇಳಲಿಲ್ಲ. ಕೇಳುವಷ್ಟು ಹಳಬಳು ನಾನಾಗಿರಲಿಲ್ಲ.

ಇನ್ನೊಂದು ವಿಷಯ. ನಮ್ಮ ಅಟ್ಟದ ಮೇಲೆ ಒಂದು ಚಿಕ್ಕ ಮಣೆ ಇತ್ತು. ಕೂಸಿಗೆ ಮಾಡಿಸಿದಷ್ಟು ಚಿಕ್ಕದು, ಆದರೆ ಕೂತು ಕೂತು ನುಣ್ಣಗೆ ಸವೆದದ್ದು. ಒಮ್ಮೆ ನಾದಿನಿಗೆ ಸರಿಯಾಗುತ್ತದೆಂದು ಅದನ್ನು ಕೆಳಗಿಳಿಸಿದ್ದೆ. ಅತ್ತೆ ನನ್ನ ಕೈಯಿಂದ ಕಸಿದುಕೊಂಡು ಮತ್ತೆ ಮೇಲಿಟ್ಟರು.

“ಯಾರದ್ರೀ ಅದು?”

“ಯಾರದೂ ಅಲ್ಲ. ಅಲ್ಲೇ ಇರ್ಲಿ.”

ಈಗ ದಾಟಿದ ದಿನಕ್ಕೆ ಬರುತ್ತೇನೆ. ಪಡಸಾಲೆಯಲ್ಲಿ ಚಾಪೆ ಹಾಸಿ ನಾದಿನಿಯನ್ನು ಮಲಗಿಸಿದ್ದರು. ಕಾಕು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಕುಂಕುಮ, ಬೂದಿ ಹಿಡಿದು ಕೂತಿದ್ದರು. ನಾನು ಅಡುಗೆಮನೆಯಿಂದ ಹೊರಕ್ಕೆ, ಅಂದರೆ ದಿನಾ ಹೋಗುವುದಕ್ಕೆ ತಿರುಗಾ ಮುರುಗಾ, ಅವಳನ್ನು ದಾಟಬೇಕು.

“ನಾ ದಾಟಿಲ್ರೀ ಅತ್ತೀ. ಗ್ವಾಡಿ ಹಿಡ್ಕೊಂಡು ಹೋಗ್ತೀನಿ,” ಎಂದೆ.

“ದಾಟಿದ್ದಿಲ್ಲಂದ್ರ ಈಗ ದಾಟಿದ್ರ ಏನಾತು? ದಾಟಿದ್ರ ಹೊಳ್ಳಿ ದಾಟಿದಂಗಾತು. ಯಾವ ಕಡಿಂದಾನೂ ನಿನಗ ತ್ರಾಸಿಲ್ಲ.”

ನಾನು ತರ್ಕ ಮಾಡಲಿಲ್ಲ. ಹೊರಗೆ ಬಿಸಿಲು ಬಡಿಯುತ್ತಿತ್ತು. ಎರೆಹೊಲ ಬಿರಿದು ಕೈ ಹೋಗುವಷ್ಟು ಬಾಯಿಬಿಟ್ಟಿದ್ದ ದಿನಗಳವು. ಒದ್ದೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲು ಎತ್ತಿದೆ. ಸೀರೆ ತೊಡೆಗೆ ಅಂಟಿ ಜೋಲಿ ತಪ್ಪಿತು. ಕೌದಿ ಸರಿದಿದ್ದ ಕಡೆ ನನ್ನ ಪಾದ ಅವಳ ಮೊಣಕಾಲಿನ ಕೆಳಗೆ ತಾಗಿತು.

ತಣ್ಣಗಿತ್ತು. ಆಗತಾನೇ ತಲೆಗೆ ನೀರು ಹಾಕಿಕೊಂಡು ಬಂದ ನನ್ನ ಪಾದಕ್ಕಿಂತ ತಣ್ಣಗೆ. ನೀರಿನ ಹರವಿಯ ಹೊರಮೈ ಮುಟ್ಟಿದಂತೆ. ಆ ಬಿಸಿಲಿನಲ್ಲಿ ಕೌದಿ ಹೊದ್ದಿದ್ದ ಹುಡುಗಿಯ ಕಾಲು.

“ಆತು ಬಿಡ್ರಿ,” ಎಂದು ಕಾಕು ಹೇಳಿದರು. ಅತ್ತೆ “ಏಳವಾ” ಎಂದರು. ಅವಳು ಏಳಲಿಲ್ಲ. ನಾವು ಇಷ್ಟು ಮಂದಿ ನಿಂತು ಮಾತಾಡುತ್ತಿದ್ದಾಗ, ತನ್ನ ಮೇಲೆ ಹಾಯ್ದು ಹೋಗುತ್ತಿದ್ದಾಗ, ಅವಳು ನಿದ್ದೆ ಹೋಗಿದ್ದಳು. ಅತ್ತೆ ಭುಜ ಹಿಡಿದು ಅಲುಗಿಸಿದರು. ಕಣ್ಣು ತೆರೆಯಲು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಾನು ಅತ್ತೆಯ ಮುಖ ನೋಡುತ್ತಿದ್ದೆ. ಹಾಗೆ ಹೆದರಿದ ಮುಖವನ್ನು ಅವರಲ್ಲಿ ಅದಕ್ಕೂ ಮೊದಲು ಕಂಡಿರಲಿಲ್ಲ.

ಸಂಜೆ ದನಕ್ಕೆ ಮೇವು ಹಾಕುವಾಗ ಯಜಮಾನರಿಗೆ ಹೇಳಿದೆ. “ನಿಮ್ಮ ತಂಗೀ ಕಾಲು ಮುಟ್ಟಿ ನೋಡ್ರಿ.”

“ಯಾಕ, ನಮಸ್ಕಾರ ಮಾಡೂದೇನು?” ಎಂದು ನಕ್ಕರು. ಆದರೂ ಒಳಗೆ ಹೋಗಿ ಮುಟ್ಟಿದರು. ಹೊರಗೆ ಬಂದು ಮೇವಿನ ಬುಟ್ಟಿ ಎತ್ತಿಕೊಂಡರು. “ಹುಬ್ಬಳ್ಳಿಗೆ ಅರಳಿ ತಗೊಂಡು ಹೋಗೂದೈತಲ್ಲ. ನೀವಿಬ್ಬರೂ ಬರ್ರಿ,” ಎಂದರು. ಅರಳಿ ಎಂದರೆ ಹತ್ತಿ. ಅತ್ತೆ ಬೇಡ ಎನ್ನಲಿಲ್ಲ.

ದವಾಖಾನೆಯ ಡಾಕ್ಟರು ಹೆಚ್ಚು ಮಾತಿನವರಲ್ಲ. ಹುಡುಗಿಯ ಕುತ್ತಿಗೆಯನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತಿ ನೋಡಿ, “ಉಗುಳು ನುಂಗು,” ಎಂದರು. ನನ್ನ ಕಡೆ ತಿರುಗಿ ಕೇಳಿದರು, “ಭಾಳ ನಿದ್ದಿ ಮಾಡ್ತಾಳೇನು? ಹೊಟ್ಟಿ ಸಾಫ್ ಆಗ್ತದೇನು? ಥಂಡಿ ತಡಕೋತಾಳೇನು?” ನಾನು ಹೊಸ್ತಿಲಿನ ಮಾತು ಹೇಳಿದೆ. ಹೇಳುತ್ತ ಹೇಳುತ್ತಲೇ ನನಗೆ ಅರ್ಥವಾಯಿತು. ಅವಳು ಬೇಕೆಂದು ದಾರಿಗೆ ಅಡ್ಡ ಮಲಗುತ್ತಿರಲಿಲ್ಲ. ಚಳಿಗೆ ಒಲೆ ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದಳು. ಅವಳ ರೋಗವೇ ಅವಳನ್ನು ನನ್ನ ಕಾಲಡಿಗೆ ತಂದು ಹಾಕಿತ್ತು.

ರಕ್ತ ತೆಗೆದರು. ಕೈಯ ಎಕ್ಸ್‌ರೇ ತೆಗೆಸಿದರು. ಬೆಳಕಿಗೆ ಹಿಡಿದು ನೋಡಿ ಕೇಳಿದರು.

“ವಯಸ್ಸೆಷ್ಟಂದ್ರಿ?”

“ಹದಿನಾಲ್ಕರಾಗ ಐತ್ರಿ,” ಎಂದರು ಯಜಮಾನರು.

“ಈ ಕೈಗೆ ಎಂಟು.”

ಕಪ್ಪು ಹಾಳೆಯ ಮೇಲೆ ಮಣಿಕಟ್ಟಿನ ಎಲುಬುಗಳು ಹೆಸರುಕಾಳು ಚೆಲ್ಲಿದಂತೆ ಬಿಡಿಬಿಡಿಯಾಗಿದ್ದವು. ಡಾಕ್ಟರು ನನಗೆ ತಿಳಿಯುವಂತೆ ಹೇಳಿದರು. ಕುತ್ತಿಗೆಯಲ್ಲಿ ಒಂದು ಗ್ರಂಥಿ ಇರುತ್ತದೆ. ಅದು ಒಲೆ ಇದ್ದಂತೆ. ಮೈ ಬಿಸಿ ಇಡುವುದು, ಎಲುಬು ಬೆಳೆಸುವುದು, ಹೆಣ್ಣುಮಕ್ಕಳನ್ನು ದೊಡ್ಡವರು ಮಾಡುವುದು, ಎಲ್ಲದಕ್ಕೂ ಅದರ ಕಾವು ಬೇಕು. “ನಿಮ್ಮ ಹುಡುಗೀ ಒಲಿ ಆರ್ಲಿಕ್ಕೆ ಹತ್ತಿ ಭಾಳ ವರ್ಷ ಆಗ್ಯಾವ. ಇನ್ನೂ ತಡಾ ಮಾಡಿದ್ರ ಹೃದಯಕ್ಕ ಹೋಗ್ತಿತ್ತು. ಎಲುಬು ಕೂಡಿಲ್ಲ ನೋಡ್ರಿ, ಅದು ಛಲೋದು. ಬೆಳೀಲಿಕ್ಕೆ ಜಾಗಾ ಅದ. ಗುಳಿಗಿ ಕೊಡ್ತೀನಿ. ದಿನಾ ಮುಂಜಾನೆ, ಬರೇ ಹೊಟ್ಟೀಲೆ. ಜನ್ಮಪೂರ್ತಿ.”

ಏಳುವಾಗ ಇನ್ನೊಂದು ಮಾತು ಹೇಳಿದರು. “ಈಗ ಶಾಂತ ಅದಾಳ. ಗುಳಿಗಿ ತಾಗಿದ ಮ್ಯಾಲ ಗದ್ದಲ ಹಾಕ್ತಾಳ. ಅಂಜಿ ಬಿಡಿಸಬ್ಯಾಡ್ರಿ.”

ಮೊದಲ ಮಳೆಯ ಹೊತ್ತಿಗೆ ಗದ್ದಲ ಶುರುವಾಯಿತು. ಅವಳಿಗೆ ಹಸಿವಾಗತೊಡಗಿತು. ರೊಟ್ಟಿ ಬಡಿಯುತ್ತಿದ್ದಂತೆಯೇ ಬುಟ್ಟಿಯಿಂದ ಮಾಯವಾಗುತ್ತಿತ್ತು. ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರೆ, ಪ್ರತಿವರ್ಷ ಕೆಳಗೆ ಕೂತು ಉಂಡಿ ತಿನ್ನುತ್ತಿದ್ದವಳು ನಿಂತು ಜೀಕಿದಳು. ಟೊಂಗೆಯ ಎಲೆ ಬಾಯಲ್ಲಿ ಕಚ್ಚಿಕೊಂಡು ಬಂದಳು. ಕೆಳಗಿದ್ದ ಹುಡುಗಿಯರು ಕೇಕೆ ಹಾಕುತ್ತಿದ್ದರು. ಅತ್ತೆ ಮಾತ್ರ ಕೈ ಕಟ್ಟಿ ನಿಂತಿದ್ದರು.

“ಇಳೀ ಸಾಕು.”

“ಇಳ್ಯಾಂಗಿಲ್ಲ ನಾ.”

ಆ ಮನೆಯಲ್ಲಿ ಅವಳು ‘ಇಲ್ಲ’ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಬಹಳ ಕೇಳಿದೆ. ಅಳುತ್ತಿದ್ದಳು, ಯಾಕೆಂದು ಅವಳಿಗೇ ಗೊತ್ತಿರುತ್ತಿರಲಿಲ್ಲ. ಶಾಲೆಯಿಂದ ದೂರು ಬಂತು. ಮುತ್ತಿನಂತಿದ್ದ ಅಕ್ಷರಗಳು ಸಾಲು ಬಿಟ್ಟು ಓಡತೊಡಗಿದವು. “ನಿಮ್ಮ ಹುಡುಗೀ ಗುಣಾನ ಹೋತಲ್ಲ ಅಕ್ಕಾ. ಎಂಥಾ ಗುಳಿಗಿಯೋ,” ಎಂದು ಕಾಕು ಕಟ್ಟೆಯ ಮೇಲಿಂದಲೇ ಹೇಳಿದರು.

ಅಷ್ಟನ್ನು ಅತ್ತೆ ತಡೆದುಕೊಂಡರು. ಚೌತಿಗೆ ತಲೆ ಎರೆಯುವ ದಿನ ಮಾತ್ರ ತಡೆಯಲಾಗಲಿಲ್ಲ. ಬಚ್ಚಲಲ್ಲಿ ಅವಳ ತಲೆಗೆ ಸೀಗೆಪುಡಿ ಹಚ್ಚಿ ತಿಕ್ಕುತ್ತಿದ್ದವರು ನನ್ನನ್ನು ಕೂಗಿದರು. ಹೋಗಿ ನೋಡಿದರೆ ಅವರ ಬೆರಳ ತುಂಬ ಕೂದಲು. ಮೋರಿಯ ಬಾಯಿಗೆ ಕೂದಲು ಕಟ್ಟಿ ನೀರು ನಿಂತಿತ್ತು. ಹುಡುಗಿ ಕಣ್ಣು ಮುಚ್ಚಿ ಕೂತಿದ್ದಳು, ನೊರೆ ಇಳಿಯುತ್ತದೆಂದು. ಅವಳಿಗೆ ತಿಳಿದಿರಲಿಲ್ಲ.

ಡಾಕ್ಟರು ಗದ್ದಲದ ಮಾತು ಹೇಳಿದ್ದರು, ಕೂದಲಿನ ಮಾತು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಗೂಡಿನಲ್ಲಿ ಗುಳಿಗೆಯ ಬಾಟಲಿ ಇರಲಿಲ್ಲ.

“ನಾ ತೆಗದಿಟ್ಟೀನಿ,” ಎಂದರು ಅತ್ತೆ. “ಕೇಳಬ್ಯಾಡ.”

“ಡಾಕ್ಟರು ಬಿಡಿಸಬ್ಯಾಡ್ರಿ ಅಂದಾರ್ರೀ.”

“ಡಾಕ್ಟರ ಹಡದಾನೇನು ಆಕಿನ್ನ?”

ಯಜಮಾನರು ಕೇಳಿದರು, ಬೈದರು, ಕೊನೆಗೆ ಸಿಟ್ಟಿನಿಂದ ಹೊಲಕ್ಕೆ ಹೋದರು. ಇನ್ನೊಂದು ಬಾಟಲಿ ತರುತ್ತೇನೆಂದರೆ, “ತಾ. ಅದನ್ನೂ ತೆಗದಿಡ್ತೀನಿ,” ಎಂದರು ತಾಯಿ. ನಾನು ಒಂದೆರಡು ಸಲ ಗಡಿಗೆಗಳನ್ನು ತಡಕಾಡಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಕದ್ದು ಕೊಡುವ ಧೈರ್ಯ ನನಗಿತ್ತೇ? ಆ ಕೂದಲು ಕಣ್ಣ ಮುಂದೆ ಇತ್ತು.

ಮನೆ ಮೆಲ್ಲಗೆ ಮೊದಲಿನಂತಾಯಿತು. ಮೊದಲು ನಿಂತದ್ದು ಅಳು. ಆಮೇಲೆ ಎದುರು ಮಾತು. ರೊಟ್ಟಿಯ ಬುಟ್ಟಿ ಸಂಜೆಯ ತನಕ ತುಂಬಿರತೊಡಗಿತು. “ಬುದ್ಧಿ ಹೊಳ್ಳಿ ಬಂತು ನೋಡ್ರಿ,” ಎಂದರು ಕಾಕು. ಹುಡುಗಿ ಮತ್ತೆ ಎಲ್ಲರಿಗಿಂತ ಮೊದಲು ಮಲಗತೊಡಗಿದಳು. ಬೆಳಗಿನ ಕತ್ತಲಲ್ಲಿ ಗೋಡೆ ಹಿಡಿದು ಒಲೆಗೆ ಹೋಗುವಾಗ ನಾನು ಬಗ್ಗಿ ಅವಳ ಪಾದ ಮುಟ್ಟುವ ರೂಢಿ ಮಾಡಿಕೊಂಡೆ. ಒಂದು ದಿನ ಬೆಚ್ಚಗಿತ್ತು. ಇನ್ನೊಂದು ದಿನ ಅಷ್ಟಿರಲಿಲ್ಲ. ಮಹಾನವಮಿ ಹತ್ತಿರವಾಗುವ ಹೊತ್ತಿಗೆ ಮತ್ತೆ ಆ ಹರವಿಯ ತಂಪು ಬಂದಿತ್ತು. ಉಸಿರಾಡುತ್ತಿದ್ದಾಳೆಯೇ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿ ಆಮೇಲೆ ಒಲೆ ಹೊತ್ತಿಸುತ್ತಿದ್ದೆ.

ಬನ್ನಿಯ ದಿನಕ್ಕೆಂದು ಅತ್ತೆ ಪೆಟ್ಟಿಗೆಯಿಂದ ಆ ಪರಕರ ತೆಗೆದರು. ನನ್ನ ಮದುವೆಯದು. “ಬಾ, ತೊಡು,” ಎಂದರು. ಅವಳು ನಿಧಾನಕ್ಕೆ ತೊಟ್ಟು ಬಂದು ಬೆಳಕಿಗೆ ನಿಂತಳು.

ಪಾದ ಮುಚ್ಚಬೇಕಾದ ಅಂಚು ಹಿಮ್ಮಡಿಯ ಮೇಲೆ ನಿಂತಿತ್ತು. ಎರಡೂ ಕಾಲಿನ ಗೆಜ್ಜೆ ಪೂರ್ತಿ ಕಾಣುತ್ತಿದ್ದವು.

ಅತ್ತೆ ಅಂಚು ಹಿಡಿದು ಕೆಳಗೆ ಜಗ್ಗಿದರು. ಸೊಂಟದ ಲಾಡಿ ಸರಿ ಕಟ್ಟಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿದರು. ಅಂಚು ಅಲ್ಲೇ ಇತ್ತು. ಆಮೇಲೆ ಅವಳನ್ನು ಮುಂದೆ ಕೂರಿಸಿಕೊಂಡು ಹೆರಳು ಹಾಕಲು ಹೋದವರು ಹಣೆಯ ಮೇಲೆ ಬೆರಳಾಡಿಸಿದರು. ಬೋಳಾಗಿದ್ದ ಅಂಚಿನುದ್ದಕ್ಕೂ ಹೊಸ ಕೂದಲು ಎದ್ದಿತ್ತು, ಎಳೆಗರುವಿನ ಮೈಮೇಲಿನಂತೆ ಸಣ್ಣಗೆ, ಮೆತ್ತಗೆ.

“ಆಕೀವು ಹೊಳ್ಳಿ ಬರ್ಲಿಲ್ಲ,” ಎಂದರು ಅತ್ತೆ.

“ಯಾರೀವು ಅತ್ತೀ?”

ಅವರು ಅಟ್ಟದ ಕಡೆ ನೋಡಿದರು. “ಆ ಮಣಿ ಯಾರದಂತ ಕೇಳಿದ್ಯಲ್ಲ. ನಿಮ್ಮ ಮಾವನ ತಂಗೀದು. ನಾ ಈ ಮನಿಗೆ ಬಂದಾಗ ಇಷ್ಟ ಇದ್ಲು, ಇಷ್ಟ ಉಳದ್ಲು. ಅಗದಿ ಶಾಂತ. ಕಡೀಕಡೀಗೆ ಕೂದಲಾ ಉದುರಿ ಹ್ವಾದು. ಒಂದು ಛಳಿಗಾಲ ಮಲಗಿದಾಕಿ ಏಳಲಿಲ್ಲ.” ಹುಡುಗಿಯ ಹಣೆಯ ಮೇಲೆ ಮತ್ತೆ ಕೈಯಾಡಿಸಿದರು. “ನನ್ನೂ ದಾಟಿಸಿದ್ರವಾ. ಆಕಿ ಮ್ಯಾಲ. ಒದ್ದಿ ಸೀರಿಲೆ.”

ಹುಡುಗಿ ನಮ್ಮಿಬ್ಬರನ್ನೂ ತನ್ನ ನಿಧಾನದ ಕಣ್ಣುಗಳಿಂದ ನೋಡುತ್ತಿದ್ದಳು.

ಅತ್ತೆ ಎದ್ದು ಜೋಳದ ಗಡಿಗೆಯೊಳಗೆ ಮೊಣಕೈ ತನಕ ಕೈ ಹಾಕಿ ಬಾಟಲಿ ತೆಗೆದರು. ಸೆರಗಿನಿಂದ ಹೊಟ್ಟು ಒರೆಸಿ ನನ್ನ ಕೈಗೆ ಕೊಟ್ಟರು. ನಂತರ ಸೂಜಿ ತಗೊಂಡು ಕೂತು, ಪರಕರದ ಅಂಚಿನ ಹೊಲಿಗೆಯನ್ನು ಒಂದೊಂದೇ ಎಬ್ಬಿಸಿ ಬಿಚ್ಚಿದರು. ಮಡಿಕೆ ಕೆಳಗಿಳಿಯಿತು. ಉಳಿದ ಬಟ್ಟೆಯೆಲ್ಲ ಮಾಸಿದ್ದರೂ ಮಡಿಕೆಯೊಳಗಿನ ಪಟ್ಟಿ ಅಂಗಡಿಯಿಂದ ತಂದಂತೆ ಕಡುನೀಲಿಯಾಗಿಯೇ ಇತ್ತು. ಆ ಎರಡು ಬಣ್ಣದ ಪರಕರ ತೊಟ್ಟೇ ಅವಳು ಊರಿಗೆಲ್ಲ ಬನ್ನಿ ಕೊಟ್ಟು ಬಂದಳು. ಕಾಕು ಅದನ್ನು ನೋಡಿ, “ಏನ್ ಅಕ್ಕಾ, ತೇಪಿ ಹಚ್ಚೀರೇನು?” ಎಂದರು. “ಹೂಂನವಾ, ಬೆಳ್ಯಾಕತ್ತಾಳ, ಸಾಲಲಿಲ್ಲ,” ಎಂದರು ಅತ್ತೆ.

ಬೆಳಿಗ್ಗೆ ಗುಳಿಗೆ ಕೊಡುವ ಕೆಲಸವನ್ನು ಅಂದಿನಿಂದ ಅವರೇ ಮಾಡಿದರು. ಆದರೂ ನನ್ನ ಹೆದರಿಕೆ ಹೋಗಲಿಲ್ಲ. ಛಳಿಗಾಲ ಮುಂದಿತ್ತು. ಅತ್ತೆಯೂ ರಾತ್ರಿ ಬಹಳ ಹೊತ್ತು ಮಗಳ ಕಡೆ ನೋಡುತ್ತ ಎಚ್ಚರವಿರುತ್ತಿದ್ದರು. ಪಾದ ಮುಟ್ಟುವುದನ್ನು ನಾನು ಬಿಡಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ. ಹೊರಗೆ ಒಣಗಾಳಿ ಬೀಸುತ್ತಿತ್ತು, ದನಗಳ ಮೇಲೆ ಗೋಣಿತಟ್ಟು ಹೊದಿಸಿದ್ದೆವು. ಊಟಕ್ಕೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನನಗೆಂದು ಒಂದಿಷ್ಟು ಅನ್ನ ಮಾಡಿಕೊಳ್ಳಲು ಅತ್ತೆಯೇ ಹೇಳಿದ್ದರು. ಅದರಲ್ಲೂ ಅರ್ಧ ನಾದಿನಿ ಉಂಡಳು. ತಟ್ಟೆ ಎತ್ತಿ ಒಲೆಯ ಬೂದಿ ಸರಿಸುತ್ತಿದ್ದೆ. ಅವಳು ಹೊಸ್ತಿಲಲ್ಲಿ ಹಾಸಿದ್ದ ಕೌದಿಯನ್ನು ದರದರ ಎಳೆದುಕೊಂಡು ಪಡಸಾಲೆಯ ಆ ತುದಿಗೆ, ತಲೆಬಾಗಿಲ ಹತ್ತಿರ ಹೋದಳು.

“ಅಲ್ಲಿ ಗಾಳಿ ಹೊಡೀತೈತಿ,” ಎಂದೆ.

“ಇಲ್ಲಿ ಧಗಿ ಆಗ್ತೈತಿ ವೈನಿ. ನೀವು ಹ್ಯಾಂಗ ಇರ್ತೀರೋ ಏನೋ.”

ಅತ್ತೆ ಗೋಡೆಯ ಕಡೆ ಮುಖ ಮಾಡಿ ಸೆರಗು ಹೊದ್ದು, ಅಂದು ಎಲ್ಲರಿಗಿಂತ ಮೊದಲು ಮಲಗಿದರು.